ಮಡಿಸುವ ಚಾಕುವಿನ ಬೆನ್ನಿನ ಸ್ಪ್ರಿಂಗು: ಗಡಸು ಮತ್ತು ಹದ

ಸ್ನೇಹಿತರೇ,

ಕೈಯಿಂದ ತಯಾರಾಗುವ ಮಡಿಸುವ ಚಾಕುಗಳ ವಿಷಯ ಬಂದಾಗ ಮಾತು ಸಾಮಾನ್ಯವಾಗಿ ಅಲಗಿನಿಂದ ಶುರುವಾಗಿ ಅಲಗಿನಲ್ಲೇ ಮುಗಿಯುತ್ತದೆ. ಯಾವ ಉಕ್ಕು, ಎಷ್ಟು ಗಡಸು, ಹರಿತ ಎಷ್ಟು ದಿನ ನಿಲ್ಲುತ್ತದೆ ಎಂಬ ಪ್ರಶ್ನೆಗಳು ಮುಖ್ಯವೇ. ಆದರೆ ಅಲಗು ಮೊಂಡಾದರೆ ಮಸೆಯಬಹುದು. ಹಿಡಿಯ ಬೆನ್ನಿನೊಳಗಿನ ಸ್ಪ್ರಿಂಗು ಸೋತರೆ ಚಾಕುವನ್ನೇ ಬಿಚ್ಚಬೇಕು, ರಿವೆಟ್ಟುಗಳನ್ನು ಕೊರೆದು ತೆಗೆಯಬೇಕು, ಕೊಂಬಿನ ಅಥವಾ ಮರದ ಹಿಡಿಪಟ್ಟಿಗಳು ಆ ಹೊತ್ತಿಗೆ ಉಳಿದರೆ ಅದೃಷ್ಟ. ಹೀಗಾಗಿ ಇಂದು ನಾನು ಅಲಗನ್ನು ಪಕ್ಕಕ್ಕಿಟ್ಟು, ಆ ಸಣ್ಣ ಉಕ್ಕಿನ ಪಟ್ಟಿಗೆ ಬೆಂಕಿ ಮತ್ತು ಎಣ್ಣೆ ಏನು ಮಾಡುತ್ತವೆ, ಏನನ್ನು ಮಾಡಲಾರವು ಎಂಬುದನ್ನಷ್ಟೇ ಹೇಳುತ್ತೇನೆ.

ನಾನು ಹೇಳುತ್ತಿರುವುದು ಬೀಗವಿಲ್ಲದ, ಸ್ಲಿಪ್ ಜಾಯಿಂಟ್ ಎಂದು ಕರೆಯುವ ಚಾಕುವಿನ ಬಗ್ಗೆ. ಇಂಗ್ಲೆಂಡಿನ ಶೆಫೀಲ್ಡ್ ನಗರ ಇದನ್ನು ಒಂದು ಪ್ರತ್ಯೇಕ ಕಸುಬಾಗಿಯೇ ಬೆಳೆಸಿತು. ಬ್ರಿಟನ್ನಿನ 1988ರ ಕಾನೂನು ಅಲಗಿನ ಹರಿತ ಅಂಚು ಮೂರು ಇಂಚು ಮೀರದ, ಬೀಗವಿಲ್ಲದ ಮಡಿಸುವ ಚಾಕುವನ್ನು ಕಾರಣ ಕೇಳದೆ ಜೇಬಿನಲ್ಲಿಡಲು ಬಿಡುವುದರಿಂದ ಅಲ್ಲಿ ಇದರ ಬೇಡಿಕೆ ಇಂದಿಗೂ ಉಳಿದಿದೆ. ಇದರ ರಚನೆ ಸರಳ. ಹಿಡಿಯ ಬೆನ್ನಿನುದ್ದಕ್ಕೂ ಉಕ್ಕಿನ ಪಟ್ಟಿಯೊಂದು ಮಲಗಿರುತ್ತದೆ. ಅದರ ಹಿಂದಿನ ತುದಿಗೆ ಒಂದು ಪಿನ್ನು, ನಡುವೆ ಇನ್ನೊಂದು ಪಿನ್ನು, ಮುಂದಿನ ತುದಿ ಮಾತ್ರ ಬಿಡುವಾಗಿ ಅಲಗಿನ ಬುಡದ ಮೇಲೆ ಒತ್ತಿಕೊಂಡಿರುತ್ತದೆ. ಬುಡವನ್ನು ಚಪ್ಪಟೆ ಮುಖಗಳಾಗಿ ತಿದ್ದಿರುವುದರಿಂದ, ಅಲಗು ತೆರೆದಾಗ ಒಂದು ಮುಖ, ಮಡಿಸಿದಾಗ ಇನ್ನೊಂದು ಮುಖ ಸ್ಪ್ರಿಂಗಿನ ಅಡಿಗೆ ಬಂದು ಕೂರುತ್ತದೆ. ನಡುವಿನ ದಾರಿಯಲ್ಲಿ ಬುಡದ ಮೂಲೆ ಸ್ಪ್ರಿಂಗನ್ನು ಮೇಲಕ್ಕೆತ್ತುತ್ತದೆ. ಒಳ್ಳೆಯ ಚಾಕುವಿನಲ್ಲಿ ತೆರೆದ ಸ್ಥಿತಿಯಲ್ಲೂ ಮಡಿಸಿದ ಸ್ಥಿತಿಯಲ್ಲೂ ಬೆನ್ನಿನ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ಏರು ತಗ್ಗು ಸಿಗಬಾರದು. ಅಲಗು ಕೊನೆಯ ಕೆಲವು ಡಿಗ್ರಿಗಳಲ್ಲಿ ತಾನಾಗಿ ಓಡಿಬಂದು ಟಕ್ ಎಂದು ಕೂರಬೇಕು. ಈ ಎರಡೂ ಗುಣಗಳು ವರ್ಷಗಟ್ಟಲೆ ಉಳಿಯಬೇಕಾದರೆ ಸ್ಪ್ರಿಂಗು ಎಷ್ಟು ಸಲ ಬಾಗಿದರೂ ಮೊದಲಿದ್ದ ಜಾಗಕ್ಕೇ ಹಿಂದಿರುಗಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ಪ್ರಿಂಗು ಸಡಿಲವಾಗಿದೆ, ಇನ್ನೂ ಸ್ವಲ್ಪ ಗಡಸು ಮಾಡಬೇಕಿತ್ತು ಎಂಬ ಮಾತನ್ನು ಕೆಲಸ ಕಲಿಯುವವರಿಂದ ಮೇಲಿಂದ ಮೇಲೆ ಕೇಳುತ್ತೇವೆ. ಬಹಳ ಬಿಗಿಯಾಗಿದೆ, ಹದ ಇನ್ನಷ್ಟು ಇಳಿಸಿದರೆ ಸರಿಹೋಗುತ್ತದೆ ಎಂಬುದು ಅದರ ಜೊತೆಗಾರ ಮಾತು. (ಗಡಸಾದ ಉಕ್ಕನ್ನು ಕಡಿಮೆ ತಾಪದಲ್ಲಿ ಮತ್ತೆ ಕಾಯಿಸಿ ಅದರ ಪೆಡಸನ್ನು ತಗ್ಗಿಸುವುದಕ್ಕೆ ಹದ ಎನ್ನುತ್ತೇವೆ.) ಎರಡೂ ತಪ್ಪು. ಒಂದು ಉಕ್ಕಿನ ಪಟ್ಟಿಯನ್ನು ನಿಗದಿತ ದೂರ ಬಾಗಿಸಲು ಎಷ್ಟು ಬಲ ಬೇಕು ಎಂಬುದು ಅದರ ಉದ್ದ, ಅಗಲ, ದಪ್ಪ ಮತ್ತು ಉಕ್ಕಿನ ಸ್ಥಿತಿಸ್ಥಾಪಕತ್ವದ ಗುಣಾಂಕವನ್ನು, ಅಂದರೆ ಬಾಗಿಸುವ ಬಲಕ್ಕೆ ಆ ಲೋಹ ಸಹಜವಾಗಿ ಒಡ್ಡುವ ವಿರೋಧವನ್ನು, ಅವಲಂಬಿಸಿದೆ. ಆ ಗುಣಾಂಕ ಮೆತ್ತಗಿನ ಉಕ್ಕಿಗೂ ಗಡಸು ಉಕ್ಕಿಗೂ ಹೆಚ್ಚು ಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಕುಲುಮೆಯಲ್ಲಿ ಏನೇ ಮಾಡಿದರೂ ಅದು ಕೈಗೆ ತಿಳಿಯುವಷ್ಟು ಬದಲಾಗುವುದಿಲ್ಲ. ಬದಲಾಗುವುದು ಮಿತಿ: ಎಷ್ಟು ದೂರದವರೆಗೆ ಬಾಗಿಸಿದರೆ ಪಟ್ಟಿ ಪೂರ್ತಿಯಾಗಿ ಹಿಂದಿರುಗುತ್ತದೆ, ಎಲ್ಲಿಂದಾಚೆಗೆ ಬಾಗಿದ ಹಾಗೆಯೇ ಉಳಿದುಬಿಡುತ್ತದೆ ಎಂಬ ಮಿತಿ. ಬಿಗಿಯನ್ನು ಕೊಡುವುದು ಅರ, ಅಂದರೆ ಪಟ್ಟಿಯನ್ನು ಉಜ್ಜಿ ತೆಳುವಾಗಿಸುವ ಉಪಕರಣ. ಆ ಬಿಗಿಯನ್ನು ಉಳಿಸಿಕೊಡುವುದು ಬೆಂಕಿ.

ಅಂಕಿಗಳಲ್ಲಿ ನೋಡಿದರೆ ಇದು ಹೆಚ್ಚು ಸ್ಪಷ್ಟವಾಗುತ್ತದೆ. ನಡು ಪಿನ್ನಿನಿಂದ ಮುಂದಿನ ತುದಿಯವರೆಗೆ 45 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ದಪ್ಪ, 2.5 ಮಿಲಿಮೀಟರ್ ಅಗಲ ಇರುವ ಸ್ಪ್ರಿಂಗೊಂದನ್ನು ಊಹಿಸಿಕೊಳ್ಳಿ. ಜೋಡಣೆಯಲ್ಲೇ ಕೊಟ್ಟ ಬಾಗೂ ಅಲಗಿನ ಬುಡದ ಮೂಲೆ ಎತ್ತುವ ಬಾಗೂ ಸೇರಿ ತುದಿ 2 ಮಿಲಿಮೀಟರ್ ಸರಿಯುತ್ತದೆ ಎನ್ನೋಣ. ಒಂದು ಕಡೆ ಬಿಗಿಹಿಡಿದ ತೊಲೆಯ ಸರಳ ಸೂತ್ರದಂತೆ ಲೆಕ್ಕ ಹಾಕಿದರೆ, ನಡು ಪಿನ್ನಿನ ಹತ್ತಿರ ಪಟ್ಟಿಯ ಮೇಲ್ಮೈಯಲ್ಲಿ ಬೀಳುವ ಒತ್ತಡ ಸುಮಾರು 900 ಮೆಗಾಪಾಸ್ಕಲ್ ಆಗುತ್ತದೆ. ಅಂಗಡಿಯಿಂದ ತಂದ, ಅರಕ್ಕೆ ಸಿಗುವ ಮೆತ್ತಗಿನ ಸ್ಥಿತಿಯ ಉಕ್ಕು 400 ಮೆಗಾಪಾಸ್ಕಲ್ಲಿನ ಸುತ್ತಮುತ್ತಲೇ ಸೋತು ಬಾಗಿಹೋಗುತ್ತದೆ. ಅದೇ ಪಟ್ಟಿಯನ್ನು ಗಡಸು ಮಾಡಿ ಗಡಸುತನವನ್ನು ಅಳೆಯುವ ರಾಕ್‌ವೆಲ್ ಸಿ ಮಾನದಲ್ಲಿ 48ಕ್ಕೆ ಹದಗೊಳಿಸಿದರೆ ಆ ಮಿತಿ 1,300 ಮೆಗಾಪಾಸ್ಕಲ್ ದಾಟುತ್ತದೆ. ಗಡಸು ಮಾಡದ ಸ್ಪ್ರಿಂಗು ಮೊದಲ ಸಲ ಅಲಗು ತೆರೆದಾಗಲೇ ಏಕೆ ಎದ್ದು ನಿಂತುಬಿಡುತ್ತದೆ, ಹದವಾದದ್ದು ಏಕೆ ಹಿಂದಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಇನ್ನು ಬಿಗಿಯ ಮಾತು: ಬಲವು ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುವುದರಿಂದ, 3 ಮಿಲಿಮೀಟರ್ ದಪ್ಪವನ್ನು 2.7ಕ್ಕೆ ಇಳಿಸಿದರೆ ಚಾಕು ತೆರೆಯಲು ಬೇಕಾದ ಬಲ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ, ಮೇಲ್ಮೈಯ ಒತ್ತಡವೂ ಶೇಕಡ 10ರಷ್ಟು ಇಳಿಯುತ್ತದೆ. ಉಗುರು ಕಿತ್ತುಬರುವಷ್ಟು ಬಿಗಿಯಾದ ಚಾಕುವಿಗೆ ಮದ್ದು ಸ್ಪ್ರಿಂಗಿನ ಒಳಮುಖದಲ್ಲಿ ನಾಲ್ಕಾರು ಸಲ ಅರ ಎಳೆಯುವುದು; ಅದನ್ನು ಮತ್ತೆ ಬೆಂಕಿಗೆ ಹಾಕುವುದಲ್ಲ.

ಉಕ್ಕಿನ ಚರಿತ್ರೆಯಲ್ಲಿ ಸ್ಪ್ರಿಂಗಿಗೆ ಇರುವ ಸ್ಥಾನವನ್ನು ಇಲ್ಲಿ ನೆನೆಯಲೇಬೇಕು. 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಶೆಫೀಲ್ಡ್ ಸೀಮೆಗೆ ತಂದ ಬೆಂಜಮಿನ್ ಹಂಟ್ಸ್‌ಮನ್ ಚಾಕು ಮಾಡುವವನಲ್ಲ. ಆತ ಡಾಂಕಾಸ್ಟರಿನ ಗಡಿಯಾರ ತಯಾರಕ. ಅಂದು ಸಿಗುತ್ತಿದ್ದ ಉಕ್ಕು, ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ನಡುವೆ ದಿನಗಟ್ಟಲೆ ಕಾಯಿಸಿ ಇಂಗಾಲ ಇಳಿಸಿದ್ದು. ಅದರ ಹೊರಪದರದಲ್ಲಿ ಇಂಗಾಲ ಹೆಚ್ಚು, ಒಳಗೆ ಕಡಿಮೆ, ನಡುನಡುವೆ ಕಿಟ್ಟದ ಎಳೆಗಳು. ಅಂಥ ಉಕ್ಕಿನಲ್ಲಿ ಚಾಕುವಿನ ಅಲಗು ಹೇಗೋ ನಡೆದೀತು, ಆದರೆ ಗಡಿಯಾರದ ಸ್ಪ್ರಿಂಗು ನಡೆಯದು. ಇಡೀ ಪಟ್ಟಿಯಲ್ಲಿ ಒಂದೇ ಒಂದು ದುರ್ಬಲ ಬಿಂದುವಿದ್ದರೂ ಪ್ರತಿ ಬಾಗಿನಲ್ಲಿಯೂ ಒತ್ತಡ ಅಲ್ಲಿಯೇ ಶೇಖರಗೊಂಡು ಸೀಳು ಹುಟ್ಟುತ್ತದೆ. ಒಳ್ಳೆಯ ಸ್ಪ್ರಿಂಗಿಗಾಗಿ ಹಂಟ್ಸ್‌ಮನ್ ಉಕ್ಕನ್ನೇ ಕರಗಿಸಿ ಏಕರೂಪ ಮಾಡಿದ. ಶೆಫೀಲ್ಡಿನ ಮುಂದಿನ ಕೀರ್ತಿ ಬಹುಮಟ್ಟಿಗೆ ಆ ಹುಡುಕಾಟದ ಫಲ. ಮೂಸೆಯ ಉಕ್ಕು ನಮ್ಮ ದಖನ್ ಪ್ರದೇಶಕ್ಕೆ ಅದಕ್ಕೂ ಬಹಳ ಹಿಂದಿನಿಂದ ಗೊತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅದು ದೂರದೂರದ ಊರುಗಳಿಗೆ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ವಾದ್ಯದ ತಂತಿಯಿಂದ ನಾವು ಬಯಸುವುದೂ ಇದನ್ನೇ: ಎಷ್ಟು ಎಳೆದರೂ ಮಿತಿಯೊಳಗೆ ಉಳಿಯುವುದು, ಮೀಟಿದಾಗಲೆಲ್ಲ ಹಿಂದಿರುಗುವುದು. ಅಲ್ಲಿ ಆ ಶಕ್ತಿ ಬರುವುದು ತಣ್ಣಗೆ ಎಳೆಯುವುದರಿಂದ. ಚಾಕುವಿನ ಸ್ಪ್ರಿಂಗಿಗೆ ಬರುವುದು ಬೆಂಕಿಯಿಂದ.

ಉಕ್ಕಿನ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಕಡ 0.75ರ ಸುಮಾರು ಇಂಗಾಲವಿರುವ ಸಾದಾ ಉಕ್ಕು, ಅಂದರೆ 1075 ಎಂಬ ದರ್ಜೆಯದು ಅಥವಾ ನಮ್ಮ ಪೇಟೆಗಳಲ್ಲಿ ಇಎನ್ 42 ಜೆ ಎಂದು ಸಿಗುವಂಥದ್ದು, ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಒ.ಎಚ್.ಎನ್.ಎಸ್. ಎಂದು ಟೂಲ್ ಅಂಗಡಿಯವರು ಕೊಡುವ ಎಣ್ಣೆಯಲ್ಲಿ ಗಡಸಾಗುವ ಉಕ್ಕನ್ನು ಬಹಳಷ್ಟು ಮಂದಿ ಅಲಗಿಗೂ ಸ್ಪ್ರಿಂಗಿಗೂ ಬಳಸುತ್ತಾರೆ. ಲಾರಿಯ ಸ್ಪ್ರಿಂಗ್ ಪಟ್ಟೆಗಳಲ್ಲಿ ಬರುವ ಸಿಲಿಕಾನ್-ಮ್ಯಾಂಗನೀಸ್ ಉಕ್ಕು, ಇಎನ್ 45, ಗುಣದಲ್ಲಿ ಒಳ್ಳೆಯದೇ. ಆದರೆ ಹಳೆಯ ಪಟ್ಟೆಯನ್ನು ಕತ್ತರಿಸಿ ಬಳಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಲಕ್ಷಾಂತರ ಸಲ ಬಾಗಿ ಬಂದ ಆ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರಬಹುದು, ಅವು ಕಾಯಿಸಿದ ಮಾತ್ರಕ್ಕೆ ಬೆಸೆಯುವುದಿಲ್ಲ.

ಬೆಂಕಿಗೆ ಹೋಗುವ ಮೊದಲಿನ ಕೆಲಸದಲ್ಲಿಯೇ ಸ್ಪ್ರಿಂಗಿನ ಆಯುಸ್ಸು ಅರ್ಧ ನಿರ್ಧಾರವಾಗಿಬಿಡುತ್ತದೆ. ಗಡಸಾದ ಮೇಲೆ ಸಾಮಾನ್ಯ ಡ್ರಿಲ್ಲು ಇಳಿಯುವುದಿಲ್ಲವಾದ್ದರಿಂದ ಎರಡೂ ತೂತುಗಳನ್ನು ಮೊದಲೇ ಕೊರೆದು, ಅಲಗಿನೊಂದಿಗೆ ಕೂರಿಸಿ ನೋಡಿ, ನಡು ಪಿನ್ನಿನ ಜಾಗವನ್ನು ಬೇಕಾದ ಬಾಗು ಬರುವಂತೆ ಸರಿಸಿ ಗುರುತಿಸಿಕೊಂಡಿರಬೇಕು. ಬುಡವನ್ನು ಮುಟ್ಟುವ ಮುಖದಲ್ಲಿ ಮಾತ್ರ ಒಂದಿಷ್ಟು ಹೆಚ್ಚುವರಿ ಉಕ್ಕು ಉಳಿಸಿಕೊಳ್ಳುವುದು ಲೇಸು. ಕೊನೆಯ ಸಮತಟ್ಟನ್ನು ಹದದ ನಂತರ ತರಬಹುದು. ತೂತುಗಳ ಬಾಯನ್ನು ಎರಡೂ ಕಡೆ ಸಣ್ಣಗೆ ಕೆರೆದು ಚೂಪು ತೆಗೆಯಬೇಕು. ಒಳಮೂಲೆ ಎಲ್ಲೇ ಇದ್ದರೂ ಅದನ್ನು ದುಂಡಗಿನ ಅರದಿಂದ ತಿದ್ದಬೇಕು. ಎಣ್ಣೆಯಲ್ಲಿ ಅದ್ದಿದ ಕ್ಷಣದಲ್ಲಿ ಸೀಳು ಬಿಡುವುದೂ, ವರ್ಷಗಳ ನಂತರ, ಮತ್ತೆ ಮತ್ತೆ ಬಾಗಿದ ಬಳಲಿಕೆಯಿಂದ ಮುರಿಯುವುದೂ ಬಹುಪಾಲು ಇಂಥ ಚೂಪು ಮೂಲೆಯಿಂದಲೇ.

ಗಡಸು ಮಾಡುವುದೆಂದರೆ ಉಕ್ಕಿನ ಒಳರಚನೆಯನ್ನು ಎರಡು ಸಲ ಬದಲಿಸುವುದು. ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಬ್ಬಿಣದ ಅಣುಜೋಡಣೆ ಬದಲಾಗಿ, ಬೇರೆಯಾಗಿ ಕುಳಿತಿದ್ದ ಇಂಗಾಲವನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲ ಆಸ್ಟೆನೈಟ್ ಆಗುತ್ತದೆ. ಅಲ್ಲಿಂದ ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗದೆ, ಜೋಡಣೆ ಸೆಡೆತು, ಮಾರ್ಟೆನ್ಸೈಟ್ ಎಂಬ ಅತಿ ಗಡಸು, ಅತಿ ಪೆಡಸು ರೂಪ ಹುಟ್ಟುತ್ತದೆ. ಸಾದಾ ಉಕ್ಕಿಗೆ 800ರಿಂದ 815 ಡಿಗ್ರಿ ಸಾಕು. ಒ.ಎಚ್.ಎನ್.ಎಸ್. ಉಕ್ಕಿಗೂ ತಾಪ ಹೆಚ್ಚು ಕಡಿಮೆ ಅದೇ. ಆದರೆ ಅದರೊಳಗಿನ ಕ್ರೋಮಿಯಂ, ಟಂಗ್‌ಸ್ಟನ್ ಕಾರ್ಬೈಡುಗಳು, ಅಂದರೆ ಆ ಲೋಹಗಳು ಇಂಗಾಲದೊಂದಿಗೆ ಕೂಡಿದ ಗಡಸು ಕಣಗಳು, ನಿಧಾನವಾಗಿ ಕರಗುವುದರಿಂದ ಆ ತಾಪದಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲಿಸಬೇಕಾಗುತ್ತದೆ. ತೆರೆದ ಕುಲುಮೆಯಲ್ಲಿ ಅಷ್ಟು ಹೊತ್ತು ಒಂದೇ ತಾಪವನ್ನು ಕಾಯುವುದು ಬಲು ಕಷ್ಟ. ಗ್ಯಾಸ್ ಟಾರ್ಚು ಅಥವಾ ಇದ್ದಿಲ ಕುಲುಮೆ ಮಾತ್ರ ಇರುವವರು ಸಾದಾ ಉಕ್ಕನ್ನೇ ಹಿಡಿಯುವುದು ಕ್ಷೇಮವೆಂದು ನನ್ನ ಅಭಿಪ್ರಾಯ.

ತಾಪವನ್ನು ಅಳೆಯಲು ಅಯಸ್ಕಾಂತವನ್ನು ಬಳಸುವ ಪದ್ಧತಿಯಿದೆ. ಶುದ್ಧ ಕಬ್ಬಿಣ 770 ಡಿಗ್ರಿಯಲ್ಲಿ ಅಯಸ್ಕಾಂತೀಯ ಗುಣ ಕಳೆದುಕೊಳ್ಳುತ್ತದೆ. ನಮ್ಮ ಉಕ್ಕಿನಲ್ಲಿ ಒಳರಚನೆಯೇ ಬದಲಾಗುವುದರಿಂದ ಅದಕ್ಕೂ ಮೊದಲೇ ಅಂಟು ಬಿಡುತ್ತದೆ. ಆದ್ದರಿಂದ ಅಯಸ್ಕಾಂತ ಅಂಟದ ಕೂಡಲೇ ಎಣ್ಣೆಗೆ ಹಾಕುವುದು ಅವಸರದ ಕೆಲಸ. ಇನ್ನೂ ಐವತ್ತು ಡಿಗ್ರಿಯಷ್ಟು ಏರಬೇಕು, ಎಂದರೆ ಬಣ್ಣ ಒಂದು ಛಾಯೆ ಬೆಳಗಬೇಕು. ಕೋಣೆ ಮಬ್ಬಾಗಿರಬೇಕು. ಹಗಲ ಬೆಳಕಿನಲ್ಲಿ ಕೆಂಪು ಬಣ್ಣವನ್ನು ನೂರು ಡಿಗ್ರಿ ತಪ್ಪಾಗಿ ಓದುವುದು ಸುಲಭ. ತಾಪ ಮೀರಿದರೂ ಉಕ್ಕು ಗಡಸಾಗುತ್ತದೆ, ಅರವೂ ಜಾರುತ್ತದೆ, ಹೊರನೋಟಕ್ಕೆ ಎಲ್ಲವೂ ಸರಿ ಎನಿಸುತ್ತದೆ. ಆದರೆ ಒಳಗಿನ ಹರಳುಗಳು ಬೆಳೆದು ದೊಡ್ಡದಾಗಿರುತ್ತವೆ, ಆ ದೋಷವನ್ನು ಮುಂದಿನ ಯಾವ ಹದವೂ ತೆಗೆಯಲಾರದು. ಹೀಗಾಗಿ ಕಡಿಮೆಯಾದ ತಾಪಕ್ಕಿಂತ ಮೀರಿದ ತಾಪ ಹೆಚ್ಚು ಅಪಾಯಕಾರಿ. ಗಡಸಾಗದ ಪಟ್ಟಿಯನ್ನು ಮತ್ತೆ ಕಾಯಿಸಬಹುದು, ಅದು ಅರಕ್ಕೆ ಸಿಕ್ಕಿ ತನ್ನ ಕೊರತೆಯನ್ನು ತಾನೇ ತಿಳಿಸುತ್ತದೆ.

ಎಣ್ಣೆಯನ್ನು 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿರಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿಯುವುದರಿಂದ ಉಕ್ಕಿನ ಸುತ್ತ ಕಟ್ಟಿಕೊಳ್ಳುವ ಆವಿಯ ಪದರ ಬೇಗ ಒಡೆಯುತ್ತದೆ. ಸ್ಪ್ರಿಂಗನ್ನು ತುದಿ ಮೊದಲಾಗಿ ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು, ಅಡ್ಡಡ್ಡ ಆಡಿಸಿದರೆ ಒಂದು ಮೈ ಮೊದಲು ತಣಿದು ಪಟ್ಟಿ ಸೊಟ್ಟಗಾಗುತ್ತದೆ. ಪಕ್ಕದಲ್ಲಿ ಎಣ್ಣೆಯ ಡಬ್ಬಿಗೆ ಸರಿಯಾಗಿ ಕೂರುವ ತಗಡಿನ ಮುಚ್ಚಳ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ತಣಿದ ಸ್ಪ್ರಿಂಗು ಈಗ ರಾಕ್‌ವೆಲ್ 62ಕ್ಕೂ ಮೇಲಿರುತ್ತದೆ. ಕೈಜಾರಿ ಬಿದ್ದರೂ ತುಂಡಾಗಬಹುದು. ಅದನ್ನು ನಾಳೆಗೆಂದು ಇಡಬಾರದು. ಒಳಗಿನ ಸೆಡೆತದಿಂದ ತಾನಾಗಿಯೇ ಸೀಳು ಬಿಡುವ ಸಂಭವವಿರುವುದರಿಂದ ಅದೇ ಹೊತ್ತಿನಲ್ಲಿ ಹದಕ್ಕೆ ಒಯ್ಯಬೇಕು.

ಹದದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಕಸುಬಿನಲ್ಲಿ ಅತಿ ಹೆಚ್ಚು ನಂಬಿಕೆಗಳು ಬೆಳೆದಿರುವುದು ಇಲ್ಲಿಯೇ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕನ್ನು ನಿಧಾನವಾಗಿ ಕಾಯಿಸಿದರೆ ಮೇಲ್ಮೈಯಲ್ಲಿ ಬಣ್ಣಗಳು ಹರಿಯುತ್ತವೆ: 200 ಡಿಗ್ರಿ ದಾಟಿದಾಗ ತೆಳು ಹಳದಿ, 255ರ ಸುಮಾರಿಗೆ ಕಂದು, 280ರ ಹತ್ತಿರ ನೇರಳೆ, 300ರಲ್ಲಿ ಕಡು ನೀಲಿ, ಆಮೇಲೆ ತಿಳಿನೀಲಿ, ಕೊನೆಗೆ ಬೂದು. ಸ್ಪ್ರಿಂಗು ನೀಲಿಗೆ ಬರಬೇಕು ಎಂಬುದು ಗಡಿಯಾರದವರಿಂದ ಹಿಡಿದು ಬಂದೂಕದವರವರೆಗೆ ಎಲ್ಲ ಹಳಬರ ಮಾತು. ಆದರೆ ಬಣ್ಣವೆಂಬುದು ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡ್ ಪದರದ ದಪ್ಪವನ್ನು ಹೇಳುತ್ತದೆ, ಒಳಗಿನ ಹದವನ್ನಲ್ಲ. ಆ ದಪ್ಪ ತಾಪದಿಂದಲೂ ಬೆಳೆಯುತ್ತದೆ, ಸಮಯದಿಂದಲೂ ಬೆಳೆಯುತ್ತದೆ. 260 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ನೇರಳೆ ನೀಲಿ ಕಾಣಬಹುದು, ಆದರೆ ಹದ ನೀಲಿಯದಾಗಿರುವುದಿಲ್ಲ. ಟಾರ್ಚಿನ ಮುಂದೆ ಅರೆಕ್ಷಣ ಮಿಂಚಿ ಮರೆಯಾದ ನೀಲಿಗೂ, ಬಿಸಿ ಮರಳಿನಲ್ಲಿ ನಿಧಾನವಾಗಿ ಮೂಡಿದ ನೀಲಿಗೂ ಅಂತರವಿದೆ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಹದದ ತಾಪ ಏರಿದಂತೆ ಗಡಸುತನ ಇಳಿದು, ಅದಕ್ಕೆ ಸರಿಯಾಗಿ ಜಿಗುಟು ಹೆಚ್ಚುತ್ತ ಹೋಗುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಸಾದಾ ಉಕ್ಕು ಮತ್ತು ಕಡಿಮೆ ಮಿಶ್ರಲೋಹದ ಉಕ್ಕುಗಳಲ್ಲಿ ಹಾಗಾಗುವುದಿಲ್ಲ. ಸುಮಾರು 260ರಿಂದ 370 ಡಿಗ್ರಿಯ ನಡುವೆ ಗಡಸುತನ ಇಳಿಯುತ್ತಿದ್ದರೂ, ಪೆಟ್ಟು ತಾಳುವ ಗುಣ ಏರುವ ಬದಲು ಕುಸಿಯುತ್ತದೆ. ಆ ತಾಪದಲ್ಲಿ ಕಾರ್ಬೈಡ್ ತೆಳ್ಳಗಿನ ಪದರಗಳಾಗಿ ಹರಳುಗಳ ಅಂಚಿನಲ್ಲಿ ಬೇರೂರುವುದು ಇದಕ್ಕೆ ಮುಖ್ಯ ಕಾರಣ. ಸಾಂಪ್ರದಾಯಿಕ ನೀಲಿ ಹದ ಸರಿಯಾಗಿ ಈ ತಗ್ಗಿನ ನಡುವೆ ಬರುತ್ತದೆ. ಹಾಗಿದ್ದರೂ ಹಳಬರ ಸ್ಪ್ರಿಂಗುಗಳು ಬಾಳಿವೆ. ತೆಳ್ಳಗಿನ ಪಟ್ಟಿ ಮಿತಿಯೊಳಗೆ ನಿಧಾನವಾಗಿ ಬಾಗುತ್ತಿರುವಷ್ಟು ಕಾಲ ಅದಕ್ಕೆ ಪೆಟ್ಟು ಬೀಳುವುದಿಲ್ಲ. ಆದರೂ 3 ಮಿಲಿಮೀಟರ್ ದಪ್ಪದ, ನಡುವೆ ತೂತಿರುವ ಸ್ಪ್ರಿಂಗಿಗೆ ಆ ತಗ್ಗನ್ನು ದಾಟಿ ಮುಂದೆ ಹೋಗುವುದೇ ವಿವೇಕ. ಸಾದಾ ಉಕ್ಕಾದರೆ 400ರಿಂದ 430 ಡಿಗ್ರಿ, ಒ.ಎಚ್.ಎನ್.ಎಸ್. ಆದರೆ ಇನ್ನೂ ಸ್ವಲ್ಪ ಹೆಚ್ಚು. ಫಲ ರಾಕ್‌ವೆಲ್ 45ರಿಂದ 50ರ ನಡುವೆ ಬಂದು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಸಂಸ್ಥೆ ತನ್ನ ಜೇಬುಚಾಕುಗಳ ಅಲಗಿಗೆ 56 ಎಂದೂ ಸ್ಪ್ರಿಂಗಿಗೆ 49 ಎಂದೂ ಹೇಳುತ್ತದೆ. ಅದು ಸ್ಟೇನ್‌ಲೆಸ್ ಉಕ್ಕಾದರೂ ಗುರಿಯಾಗಿಟ್ಟುಕೊಂಡ ಅಂಕಿ ಇದೇ ಪಟ್ಟಿಯೊಳಗಿದೆ. ಅಲಗಿಗಿಂತ ಸ್ಪ್ರಿಂಗು ಮೆತ್ತಗಿರುವುದರಿಂದ ಇನ್ನೊಂದು ಪ್ರಯೋಜನವಿದೆ. ಉಜ್ಜಾಟದಲ್ಲಿ ಒಂದೇ ಗಡಸುತನದ ಎರಡು ಮೈಗಳು ಪರಸ್ಪರ ಕಿತ್ತುಕೊಳ್ಳುವ ಸಂಭವ ಕಡಿಮೆಯಾಗುತ್ತದೆ.

ಅಡುಗೆಮನೆಯ ಓವನ್ನು 250 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಅದು ಅಲಗಿಗೆ ಸಾಕು, ಸ್ಪ್ರಿಂಗಿಗೆ ಸಾಲದು. ಹಳೆಯ ಕಾರ್ಖಾನೆಗಳಲ್ಲಿ ಗಡಸಾದ ಸ್ಪ್ರಿಂಗಿಗೆ ಎಣ್ಣೆ ಬಳಿದು, ಬೆಂಕಿಯ ಮೇಲೆ ಹಿಡಿದು, ಎಣ್ಣೆ ತಾನಾಗಿ ಹೊತ್ತಿ ಉರಿದು ಮುಗಿಯುವವರೆಗೆ ಬಿಟ್ಟು, ಹೀಗೆ ಎರಡು ಮೂರು ಸಲ ಮಾಡುತ್ತಿದ್ದರು. ಉರಿಯುವ ಎಣ್ಣೆಯೇ ಅವರಿಗೆ ಉಷ್ಣಮಾಪಕವಾಗಿತ್ತು. ವಿಧಾನ ಜಾಣತನದ್ದು, ಆದರೆ ಎಣ್ಣೆ ಬದಲಾದರೆ, ಪಟ್ಟಿಯ ದಪ್ಪ ಬದಲಾದರೆ ಫಲವೂ ಬದಲಾಗುತ್ತದೆ. ಕರಗಿದ ಸೀಸದಲ್ಲಿ ಮುಳುಗಿಸುವ ಪದ್ಧತಿಯೂ ಇತ್ತು. ಸೀಸದ ವಿಷವನ್ನು ತಿಳಿದ ಮೇಲೂ ಅದನ್ನು ಮನೆಯಲ್ಲಿ ಮಾಡುವುದು ಸಲ್ಲದು. ನೈಟ್ರೇಟ್ ಲವಣಗಳನ್ನು ಕರಗಿಸಿ ಬಳಸುವವರು, ಎಣ್ಣೆ ಮೆತ್ತಿದ ಸ್ಪ್ರಿಂಗು ಅದರೊಳಗೆ ಹೋದರೆ ಸ್ಫೋಟವಾಗಬಹುದೆಂಬುದನ್ನು ಒಂದು ಕ್ಷಣವೂ ಮರೆಯಬಾರದು. ತಾಪನಿಯಂತ್ರಕವಿರುವ ಸಣ್ಣ ವಿದ್ಯುತ್ ಮಫಲ್ ಫರ್ನೇಸ್ ಇವೆಲ್ಲಕ್ಕಿಂತ ಉತ್ತಮ. ಮೊದಲು ಅದು ನಿಗದಿತ ತಾಪಕ್ಕೆ ಬಂದು ನೆಲೆ ನಿಲ್ಲಲಿ, ಆಮೇಲೆ ಸ್ಪ್ರಿಂಗನ್ನು ಇಡಿ, ಒಂದೊಂದು ಗಂಟೆಯಂತೆ ಎರಡು ಸಲ ಹದಗೊಳಿಸಿ, ನಡುವೆ ಪೂರ್ತಿ ತಣಿಯಲು ಬಿಡಿ. ಎರಡನೆಯ ಹದ, ಮೊದಲ ಸಲ ತಣಿಯುವಾಗ ಹೊಸದಾಗಿ ಹುಟ್ಟಿರಬಹುದಾದ ಮಾರ್ಟೆನ್ಸೈಟನ್ನು ನೋಡಿಕೊಳ್ಳುತ್ತದೆ.

ಹದ ಮುಗಿದ ಮೇಲೆ ಮೇಲ್ಮೈಯ ಕೆಲಸ. ಗಾಳಿಯಿರುವ ಕುಲುಮೆಯಲ್ಲಿ ಕಾಯ್ದ ಉಕ್ಕು ತನ್ನ ಹೊರಪದರದ ಇಂಗಾಲವನ್ನು ಕಳೆದುಕೊಂಡಿರುತ್ತದೆ. ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಹೊರಪದರಕ್ಕೇ. ಅದೇ ಪದರ ಮೆತ್ತಗಿದ್ದರೆ ಬಳಲಿಕೆಯ ಸೀಳು ಅಲ್ಲಿಂದಲೇ ಶುರು. ಅಲಗಿನಲ್ಲಿ ಮಸೆಯುವಾಗ ಈ ಪದರ ತಾನಾಗಿ ಹೋಗುತ್ತದೆ, ಸ್ಪ್ರಿಂಗಿನಲ್ಲಿ ನಾವಾಗಿ ಉಜ್ಜಿ ತೆಗೆಯಬೇಕು. ಉಜ್ಜುವ ಗೆರೆಗಳು ಉದ್ದಕ್ಕೇ ಇರಬೇಕು. ಅಡ್ಡಗೆರೆ ಎಷ್ಟೇ ಸಣ್ಣದಾದರೂ ಅದು ಒತ್ತಡಕ್ಕೆ ಎದುರಾಗಿ ನಿಂತ ಒಂದು ಸೀಳಿನ ಆರಂಭ. ಬೆಲ್ಟ್ ಗ್ರೈಂಡರಿನಲ್ಲಿ ಕೈಯಿಂದ ಹಿಡಿಯಲಾಗದಷ್ಟು ಬಿಸಿಯಾಗಲು ಬಿಡದೆ, ಆಗಾಗ ನೀರಿಗೆ ಮುಟ್ಟಿಸುತ್ತ ನಡೆಯಬೇಕು.

ಪರೀಕ್ಷೆಯಿಲ್ಲದೆ ಸ್ಪ್ರಿಂಗನ್ನು ಹಿಡಿಯೊಳಗೆ ಮುಚ್ಚಬಾರದು. ಒಂದು ಗಟ್ಟಿ ತಗಡಿನ ಮೇಲೆ ಎರಡು ಪಿನ್ನುಗಳನ್ನು ನೆಟ್ಟು ಸ್ಪ್ರಿಂಗನ್ನು ಕೂರಿಸಿ, ಮುಂದಿನ ತುದಿಯ ಗುರುತು ಹಾಕಿಕೊಂಡು, ಚಾಕುವಿನಲ್ಲಿ ಸರಿಯುವುದಕ್ಕಿಂತ ಕಾಲು ಭಾಗ ಹೆಚ್ಚು ದೂರ ಹಲವು ಸಲ ಒತ್ತಿ ಬಿಡಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ತುದಿ ಗುರುತಿಗೇ ಬಂದು ನಿಂತರೆ ಹದ ಸರಿಯಾಗಿದೆ. ಒಂದಿಷ್ಟು ದೂರ ಉಳಿದರೆ ಎರಡು ಕಾರಣಗಳನ್ನು ಹುಡುಕಬೇಕು: ಹದ ಇಳಿದುಹೋಗಿದೆ, ಇಲ್ಲವೇ ಮೊದಲಿನ ತಣಿಸುವಿಕೆಯಲ್ಲೇ ಪೂರ್ತಿ ಗಡಸಾಗಿರಲಿಲ್ಲ. ಎರಡನೆಯದು ಹೆಚ್ಚು ಸಾಮಾನ್ಯ. ಹದಕ್ಕೆ ಮೊದಲು ಅರದಿಂದ ಪರೀಕ್ಷಿಸಿದವರಿಗೆ ಈ ಅನುಮಾನವೇ ಬರುವುದಿಲ್ಲ.

ಸ್ಪ್ರಿಂಗು ಮುರಿದರೆ ತುಂಡುಗಳನ್ನು ಎಸೆಯದೆ ಭೂತಗನ್ನಡಿಯ ಕೆಳಗೆ ನೋಡಿ. ಮುರಿದ ಮುಖ ನುಣ್ಣಗೆ, ಮಾಸಲು ಬೂದು ಬಣ್ಣದಲ್ಲಿದ್ದರೆ ತಾಪ ಸರಿಯಾಗಿತ್ತು, ಹದದ ತಾಪ ಸಾಲಲಿಲ್ಲ ಅಥವಾ ಬಾಗು ವಿಪರೀತವಾಗಿತ್ತು. ಸಕ್ಕರೆಯ ಹರಳಿನಂತೆ ಮಿನುಗಿದರೆ ಗಡಸು ಮಾಡುವಾಗ ತಾಪ ಮೀರಿತ್ತು. ಮುಖದ ಒಂದು ಅಂಚು ಮಾತ್ರ ಕಪ್ಪಾಗಿ ಅಥವಾ ನೀಲಿಯಾಗಿದ್ದು ಉಳಿದದ್ದು ಹೊಸ ಬೂದು ಬಣ್ಣದಲ್ಲಿದ್ದರೆ, ಆ ಸೀಳು ಎಣ್ಣೆಯಲ್ಲೇ ಬಿಟ್ಟಿತ್ತು. ಹದದ ಫರ್ನೇಸಿನ ಗಾಳಿ ಅದರೊಳಗೆ ಹೊಕ್ಕು ಬಣ್ಣ ಬರಿಸಿದೆ. ಆಗ ತಿದ್ದಬೇಕಾದದ್ದು ಹದವನ್ನಲ್ಲ. ಸೀಳು ಶುರುವಾದ ಜಾಗ ತೂತಿನ ಬಾಯಿಯೋ, ಒಳಮೂಲೆಯೋ, ಅಡ್ಡ ಬಿದ್ದ ಅರದ ಗೆರೆಯೋ ಎಂದು ಗುರುತಿಸಿಕೊಂಡು, ಹೊಸ ಪಟ್ಟಿಯಲ್ಲಿ ಆ ಜಾಗವನ್ನು ಮೊದಲು ದುಂಡಗೆ ಮಾಡಿ, ಆಮೇಲೆ ಕುಲುಮೆ ಹೊತ್ತಿಸಿ.